ಹೃದಯ ಶಸ್ತ್ರಚಿಕಿತ್ಸೆಗೆ ಮುಂಚಿನ ದಂತ ತಪಾಸಣೆ

ಹೃದಯದ ಕವಾಟ ಬದಲಿಸುವ, ಕವಾಟ ದುರಸ್ತಿ ಮಾಡುವ ಅಥವಾ ಹುಟ್ಟಿನಿಂದ ಬಂದ ರಂಧ್ರ ಮುಚ್ಚುವ ಶಸ್ತ್ರಚಿಕಿತ್ಸೆಗೆ ದಿನ ಗೊತ್ತು ಮಾಡುವ ಮೊದಲು ರೋಗಿಯ ಹಲ್ಲು, ವಸಡು, ದವಡೆಗಳನ್ನು ಪರೀಕ್ಷಿಸಿ, ಸೋಂಕು ಬೇರೂರಿದ ಜಾಗಗಳಿದ್ದರೆ ಅವನ್ನು ತೆಗೆಯುವ ಇಲ್ಲವೇ ಹತೋಟಿಗೆ ತರುವ ಕ್ರಮ. ಆಸ್ಪತ್ರೆಗಳ ಆಡುಮಾತಿನಲ್ಲಿ ಇದು ‘ಡೆಂಟಲ್ ಕ್ಲಿಯರೆನ್ಸ್’. ಇ.ಸಿ.ಜಿ., ಎಕೋ, ಆಂಜಿಯೊಗ್ರಾಮ್, ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ ಎಂದು ಬೆಳೆಯುತ್ತ ಹೋಗುವ ಪಟ್ಟಿಯ ಕೊನೆಯಲ್ಲಿ ಇದರ ಚೀಟಿ ಬರುತ್ತದೆ. ಎದೆನೋವಿಗೆ ಬಂದವರನ್ನು ಹಲ್ಲಿನ ಡಾಕ್ಟರ ಹತ್ತಿರ ಅಟ್ಟುವುದೇಕೆ ಎಂದು ರೋಗಿಯ ಕಡೆಯವರು ಬೆರಗಾಗುವುದೂ ಉಂಟು, ಸಿಟ್ಟಾಗುವುದೂ ಉಂಟು.

ರಾಯಚೂರು ಜಿಲ್ಲೆಯ ಜವಳಗೇರಾದಂಥ ಊರಿನವರಿಗೆ ಈ ಚೀಟಿ ತರುವ ತೊಡಕು ಇನ್ನೊಂದು ಬಗೆಯದು. ಸಿಂಧನೂರಿನಿಂದ ರಾಯಚೂರಿಗೆ ಹೋಗುವ ರಸ್ತೆಯ ಮೇಲಿರುವ ಈ ಊರಿಗೆ ಹೆಸರು ಬಂದದ್ದು ಕೇಂದ್ರ ಸರ್ಕಾರದ ಬೀಜೋತ್ಪಾದನಾ ಫಾರ್ಮಿನಿಂದ. ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆ. ಪಶ್ಚಿಮಕ್ಕೆ ಮಸ್ಕಿ, ಅದರಾಚೆ ಹಟ್ಟಿ ಚಿನ್ನದ ಗಣಿಯಿರುವ ಲಿಂಗಸೂಗೂರು. ಈ ಸೀಮೆಯಲ್ಲಿ ಎದೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ ಬೇಕಾದರೆ ಬಹುಪಾಲು ಕುಟುಂಬಗಳು ಕಲಬುರಗಿ, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಹೈದರಾಬಾದ್ ಇಲ್ಲವೇ ಬೆಂಗಳೂರಿನ ದಾರಿ ಹಿಡಿಯಬೇಕು. ಸಿಂಧನೂರಿಗೆ ರೈಲು ಬಂದದ್ದೇ 2024ರಲ್ಲಿ. ಹಲ್ಲಿನ ಮಾತು ಹಾಗಲ್ಲ. ರಾಯಚೂರು ನಗರವೊಂದರಲ್ಲೇ ಎ.ಎಂ.ಇ. ದಂತ ಕಾಲೇಜು, ನವೋದಯ ದಂತ ಕಾಲೇಜು ಎಂದು ಎರಡು ಕಾಲೇಜುಗಳಿವೆ. ಕರ್ನಾಟಕದಲ್ಲಿ ಒಟ್ಟು 40ಕ್ಕೂ ಹೆಚ್ಚು. ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಲ್ಲಿ ದಂತ ವೈದ್ಯರ ಹುದ್ದೆಗಳಿವೆ, ತಾಲ್ಲೂಕು ಕೇಂದ್ರಗಳ ಬಜಾರಿನಲ್ಲಿ ಖಾಸಗಿ ಕ್ಲಿನಿಕ್ಕುಗಳಿವೆ. ಹೃದಯದ ಸರ್ಜನ್ ದೂರ, ಹಲ್ಲಿನ ಡಾಕ್ಟರು ಹತ್ತಿರ. ಆದರೆ ಹಲ್ಲಿನ ಪ್ರಶ್ನೆ ಏಳುವುದು ಮಾತ್ರ ಆ ದೂರದ ಆಸ್ಪತ್ರೆಗೆ ಹೋಗಿ ಸೇರಿದ ಮೇಲೆ. ಈ ತಪಾಸಣೆಯಿಂದ ಆಗಬಹುದಾದ ಲಾಭ ಸೋರಿಹೋಗುವುದೂ ಬಹುತೇಕ ಇಲ್ಲಿಯೇ.

ಬಾಯಿಗೂ ಹೃದಯಕ್ಕೂ ಇರುವ ನಂಟು ರಕ್ತದ ಮೂಲಕ ಬರುವಂಥದು. ಬಾಯಿಯಲ್ಲಿ ನೂರಾರು ಬಗೆಯ ಬ್ಯಾಕ್ಟೀರಿಯಾಗಳು ನೆಲೆಸಿವೆ. ವಸಡು ಉಬ್ಬಿ ರಕ್ತ ಒಸರುವಂತಿದ್ದರೆ, ಬೇರಿನ ತುದಿಯಲ್ಲಿ ಕೀವು ಕೂತಿದ್ದರೆ, ಅಗಿಯುವಾಗ, ಉಜ್ಜುವಾಗ, ಹಲ್ಲು ಕೀಳಿಸುವಾಗ ಅವು ರಕ್ತಕ್ಕೆ ಇಳಿಯುತ್ತವೆ. ಆರೋಗ್ಯವಂತರಲ್ಲಿ ದೇಹದ ಕಾವಲು ಅವನ್ನು ಕೆಲವೇ ನಿಮಿಷಗಳಲ್ಲಿ ಮುಗಿಸಿಬಿಡುತ್ತದೆ. ಹೃದಯದ ಕವಾಟ ಮೊದಲೇ ಗಾಯಗೊಂಡಿದ್ದರೆ ಅಥವಾ ಕೃತಕ ಕವಾಟವಿದ್ದರೆ, ಅಲ್ಲಿ ಕಟ್ಟಿಕೊಂಡ ಸಣ್ಣ ಹೆಪ್ಪಿಗೆ ಅವು ಅಂಟಿಕೊಳ್ಳಬಹುದು. ಅಂಟಿಕೊಂಡವು ಬೆಳೆದು ಹೂಕೋಸಿನ ಮೊಗ್ಗಿನಂಥ ಗಂಟಾಗುತ್ತವೆ. ಇದೇ ಎಂಡೋಕಾರ್ಡೈಟಿಸ್, ಹೃದಯದ ಒಳಪೊರೆಯ ಸೋಂಕು. ಗಂಟಿನ ಚೂರು ಕಳಚಿ ಮಿದುಳಿಗೆ ಹೋದರೆ ಪಾರ್ಶ್ವವಾಯು, ಕವಾಟ ಹರಿದರೆ ಹೃದಯ ವೈಫಲ್ಯ. ವರ್ಷಕ್ಕೆ ಲಕ್ಷ ಜನರಲ್ಲಿ ಮೂರರಿಂದ ಹತ್ತು ಮಂದಿಗೆ ಬರುವ ವಿರಳ ಕಾಯಿಲೆಯಾದರೂ, ಬಂದವರಲ್ಲಿ ಐವರಿಗೆ ಒಬ್ಬರು ಆಸ್ಪತ್ರೆಯಲ್ಲೇ ತೀರಿಕೊಳ್ಳುತ್ತಾರೆ. ಉಳಿದವರಿಗೆ ನಾಲ್ಕರಿಂದ ಆರು ವಾರ ರಕ್ತನಾಳದ ಮೂಲಕ ಆಂಟಿಬಯಾಟಿಕ್ ಕೊಡಬೇಕಾಗುತ್ತದೆ. ಕೃತಕ ಕವಾಟಕ್ಕೆ ಸೋಂಕು ತಗುಲಿದರೆ ಪರಿಸ್ಥಿತಿ ಇನ್ನೂ ಕಠಿಣ. ಎಷ್ಟೋ ಸಲ ಅದೇ ಎದೆಯನ್ನು ಮತ್ತೆ ತೆರೆಯಬೇಕಾಗುತ್ತದೆ.

ಈ ಸಂಬಂಧ ವೈದ್ಯಕೀಯಕ್ಕೆ ತಿಳಿದದ್ದು ಹಂತ ಹಂತವಾಗಿ, ನಡುವೆ ಒಂದು ದೊಡ್ಡ ಅತಿರೇಕದೊಂದಿಗೆ. ವೈದ್ಯ ವಿಲಿಯಂ ಆಸ್ಲರ್ 1885ರಲ್ಲಿ ಲಂಡನ್ನಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಎಂಡೋಕಾರ್ಡೈಟಿಸ್‌ನ ಚಿತ್ರವನ್ನು ಒಟ್ಟುಗೂಡಿಸಿದರು. 1909ರಲ್ಲಿ ಥಾಮಸ್ ಹಾರ್ಡರ್ 150 ರೋಗಿಗಳ ವಿವರ ಪ್ರಕಟಿಸಿ, ಸೋಂಕು ಬಾಯಿಯಿಂದ ಬರಬಹುದೆಂಬುದರ ಕಡೆ ಬೊಟ್ಟು ಮಾಡಿದರು. ಮರುವರ್ಷವೇ ವಿಲಿಯಂ ಹಂಟರ್ ಕೆನಡಾದ ಮಾಂಟ್ರಿಯಲ್‌ನಲ್ಲಿ ಮಾತನಾಡುತ್ತ ಬಾಯಿಯ ಕೊಳೆತವೇ ಹಲವು ರೋಗಗಳ ತಾಯಿಬೇರು ಎಂದು ವಾದಿಸಿದರು. ಮುಂದೆ ಎರಡು ಮೂರು ದಶಕ ಅಮೆರಿಕ, ಇಂಗ್ಲೆಂಡುಗಳಲ್ಲಿ ಕೀಲುನೋವು, ಹೊಟ್ಟೆನೋವು, ಮನೋರೋಗ ಯಾವುದಕ್ಕೇ ಆಗಲಿ ಹಲ್ಲು ಕಿತ್ತರು. ಗಟ್ಟಿ ಹಲ್ಲುಗಳೂ ಬಕೆಟ್ಟಿಗೆ ಬಿದ್ದವು. ಕಿತ್ತಿದ್ದರಿಂದ ರೋಗ ವಾಸಿಯಾಗುವುದಿಲ್ಲ ಎಂದು ಒಪ್ಪಿಕೊಳ್ಳುವ ಹೊತ್ತಿಗೆ ಒಂದು ಪೀಳಿಗೆಯ ಬಾಯಿ ಖಾಲಿಯಾಗಿತ್ತು. ‘ಆಪರೇಷನ್‌ಗೆ ಮುಂಚೆ ಎಲ್ಲ ಹಲ್ಲೂ ತೆಗೆಸಿಬಿಡಿ’ ಎಂಬ ಮಾತು ಇಂದಿಗೂ ಅಲ್ಲಲ್ಲಿ ಕೇಳಿಬರುತ್ತದಲ್ಲ, ಅದು ಆ ಕಾಲದ ಪಳೆಯುಳಿಕೆ.

ಪ್ರಯೋಗದ ಆಧಾರ ಒದಗಿದ್ದು 1935ರಲ್ಲಿ. ಓಕೆಲ್ ಮತ್ತು ಎಲಿಯಟ್ ಎಂಬ ಬ್ರಿಟಿಷ್ ವೈದ್ಯರು ಹಲ್ಲು ಕೀಳಿಸಿಕೊಂಡ ಕೂಡಲೇ ರೋಗಿಗಳ ರಕ್ತ ತೆಗೆದು ಬೆಳೆಸಿ ನೋಡಿ, ನೂರಕ್ಕೆ ಅರವತ್ತರಷ್ಟು ಜನರಲ್ಲಿ ಬ್ಯಾಕ್ಟೀರಿಯಾ ಕಂಡರು. ಪೆನಿಸಿಲಿನ್ ಬಂದ ಮೇಲೆ, 1955ರಲ್ಲಿ, ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹಲ್ಲಿನ ಚಿಕಿತ್ಸೆಗೆ ಮುಂಚೆ ಆಂಟಿಬಯಾಟಿಕ್ ಕೊಡಬೇಕೆಂಬ ತನ್ನ ಮೊದಲ ಸಲಹೆ ಹೊರಡಿಸಿತು. ಮತ್ತೆ ಅರ್ಧ ಶತಮಾನ ಕಳೆದು 2008ರಲ್ಲಿ ಪೀಟರ್ ಲಾಕ್‌ಹಾರ್ಟ್ ಮತ್ತು ಸಂಗಡಿಗರು 290 ಜನರ ಮೇಲೆ ನಡೆಸಿದ ಪರೀಕ್ಷೆ ಕುತೂಹಲದ ಫಲಿತಾಂಶ ಕೊಟ್ಟಿತು. ಔಷಧವಿಲ್ಲದೆ ಹಲ್ಲು ಕೀಳಿಸಿಕೊಂಡವರಲ್ಲಿ ಶೇ. 60ರಷ್ಟು ಮಂದಿಯ ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು, ಅಮಾಕ್ಸಿಸಿಲಿನ್ ತೆಗೆದುಕೊಂಡು ಕೀಳಿಸಿಕೊಂಡವರಲ್ಲಿ ಶೇ. 33ರಷ್ಟು. ಬರೀ ಹಲ್ಲುಜ್ಜಿದವರಲ್ಲೂ ಶೇ. 23ರಷ್ಟು! ವರ್ಷಕ್ಕೊಮ್ಮೆ ಆಗಬಹುದಾದ ಹಲ್ಲು ಕೀಳುವಿಕೆ ದೊಡ್ಡ ಅಪಾಯವೋ, ದಿನಕ್ಕೆರಡು ಸಲ ರಕ್ತ ಒಸರುವ ವಸಡನ್ನು ಉಜ್ಜುವುದೋ ಎಂಬ ಪ್ರಶ್ನೆಗೆ ಬಲ ಬಂದದ್ದು ಹೀಗೆ. ಉತ್ತರ ಎರಡನೆಯದರ ಕಡೆಗೇ ವಾಲುತ್ತಿದೆ. ಕೆಟ್ಟ ವಸಡಿನವರು ಉಜ್ಜುವುದನ್ನು ಬಿಡಬೇಕೆಂದಲ್ಲ. ವಸಡು ಕೆಡದಂತೆ ನೋಡಿಕೊಂಡರೆ ಉಜ್ಜುವುದರಿಂದ ಕೇಡಿಲ್ಲ ಎಂದು.

ಇಂಥದೇ ತರ್ಕದಿಂದ, ಆ ಪರೀಕ್ಷೆಗೂ ಒಂದು ವರ್ಷ ಮುಂಚೆ, 2007ರಲ್ಲೇ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಮುನ್ನೆಚ್ಚರಿಕೆಯ ಆಂಟಿಬಯಾಟಿಕ್ ಯಾರಿಗೆ ಬೇಕೆಂಬ ಪಟ್ಟಿಯನ್ನು ಮೊಟಕುಗೊಳಿಸಿತು: ಕೃತಕ ಕವಾಟ ಇರುವವರು, ಹಿಂದೆ ಎಂಡೋಕಾರ್ಡೈಟಿಸ್ ಬಂದುಹೋದವರು, ಕೆಲವು ಬಗೆಯ ಜನ್ಮಜಾತ ಹೃದ್ರೋಗಿಗಳು, ಹೃದಯ ಕಸಿಯ ನಂತರ ಕವಾಟ ಕೆಟ್ಟವರು. ಬೈಪಾಸ್ ಆದವರು, ಸ್ಟೆಂಟ್ ಹಾಕಿಸಿಕೊಂಡವರು, ಪೇಸ್‌ಮೇಕರ್ ಇರುವವರು ಈ ಪಟ್ಟಿಯಲ್ಲಿಲ್ಲ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2008ರಲ್ಲಿ ಇನ್ನೂ ಮುಂದೆ ಹೋಗಿ, ಯಾರಿಗೂ ಬೇಡ ಎಂದಿತು. ಬಳಿಕ ಇಂಗ್ಲೆಂಡಿನಲ್ಲಿ ಎಂಡೋಕಾರ್ಡೈಟಿಸ್ ಹೆಚ್ಚಿತೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಬಂತು. ಕಾರಣ ಇದೇ ಎಂದು ಸಾಬೀತಾಗಲಿಲ್ಲ. 2016ರಲ್ಲಿ ನೈಸ್ ತನ್ನ ವಾಕ್ಯಕ್ಕೆ ‘ರೂಢಿಯಂತೆ’ ಎಂಬ ಒಂದು ಪದ ಸೇರಿಸಿ ಬಾಗಿಲನ್ನು ತುಸು ತೆರೆದಿಟ್ಟಿತು.

ಜವಳಗೇರಾ, ಮಸ್ಕಿ, ಲಿಂಗಸೂಗೂರಿನಂಥ ಕಡೆ ಲೆಕ್ಕ ಇನ್ನೊಂದು ರೀತಿ. ಶ್ರೀಮಂತ ದೇಶಗಳಲ್ಲಿ ಕವಾಟದ ಶಸ್ತ್ರಚಿಕಿತ್ಸೆಗೆ ಬರುವವರು ಹೆಚ್ಚಾಗಿ ಎಪ್ಪತ್ತು ದಾಟಿದವರು. ವಯಸ್ಸಿನಿಂದ ಕವಾಟ ಸುಣ್ಣಗಟ್ಟಿದವರು. ನಮ್ಮಲ್ಲಿ ಇಂದಿಗೂ ಇಪ್ಪತ್ತು-ಮೂವತ್ತರ ಹರೆಯದವರು ಬರುತ್ತಾರೆ, ಬಹಳ ಸಲ ಹೆಣ್ಣುಮಕ್ಕಳು. ಬಾಲ್ಯದಲ್ಲಿ ಸ್ಟ್ರೆಪ್ಟೊಕಾಕಸ್‌ನಿಂದ ಗಂಟಲು ಕೆಟ್ಟು, ಬೆನ್ನಿಗೇ ಕೀಲುಗಳು ಬಾತು, ಮನೆಯವರು ವಾಯು ಎಂದು ಸುಮ್ಮನಾದ ರುಮ್ಯಾಟಿಕ್ ಜ್ವರ ಮೈಟ್ರಲ್ ಕವಾಟವನ್ನು ಬೆಸೆದಿರುತ್ತದೆ. ಮೊದಲ ಬಸಿರಿನಲ್ಲಿ ಏದುಸಿರು ಬಂದಾಗ ಎಕೋದಲ್ಲಿ ಅದು ಬಯಲಾಗುತ್ತದೆ. ಹಲವರಿಗೆ ಬಲೂನಿನಿಂದ ಕವಾಟ ಬಿಡಿಸುವುದು ಸಾಕಾಗುತ್ತದೆ. ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ಸಂಸ್ಥೆ ಈ ಚಿಕಿತ್ಸೆಗೆ ಹೆಸರಾಗಿದ್ದು, ಅದರ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಇದರಲ್ಲಿ ತಮ್ಮದೇ ವಿಧಾನವನ್ನು ರೂಢಿಗೆ ತಂದವರು. ಕವಾಟ ಬದಲಿಸಲೇಬೇಕಾದಾಗ ಭಾರತದಲ್ಲಿ ಸಾವಿರಾರು ಬಡ ರೋಗಿಗಳ ಎದೆಯಲ್ಲಿ ಕೂತಿರುವುದು ಚಿತ್ರಾ ಕವಾಟ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಎಂ.ಎಸ್. ವಲಿಯತ್ತಾನ್ ನೇತೃತ್ವದಲ್ಲಿ ರೂಪುಗೊಂಡ ಇದನ್ನು ಮೊದಲು ಮನುಷ್ಯರಿಗೆ ಅಳವಡಿಸಿದ್ದು 1990ರ ಡಿಸೆಂಬರ್‌ನಲ್ಲಿ. ಇಪ್ಪತ್ತೈದರ ಪ್ರಾಯದಲ್ಲಿ ಲೋಹದ ಕವಾಟ ಪಡೆದವರು ಮುಂದೆ ನಲವತ್ತು-ಐವತ್ತು ವರ್ಷ ಅದರೊಡನೆ ಬಾಳಬೇಕು. ಅಷ್ಟೂ ವರ್ಷ ಅವರ ಬಾಯಿ ಚೆನ್ನಾಗಿರಬೇಕು.

ಅಮೆರಿಕದ ಪಟ್ಟಿಯಲ್ಲಿ ಬರಿಯ ರುಮ್ಯಾಟಿಕ್ ಕವಾಟ ರೋಗ ಇಲ್ಲ. ಆದರೆ ಆಸ್ಟ್ರೇಲಿಯದ ಮಾರ್ಗಸೂಚಿ ಅದನ್ನು ಸೇರಿಸಿಕೊಂಡಿದೆ, ಭಾರತದ ಅನೇಕ ಹೃದ್ರೋಗ ತಜ್ಞರೂ ಹಾಗೇ ಮಾಡುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ರುಮ್ಯಾಟಿಕ್ ಜ್ವರ ಮರುಕಳಿಸದಿರಲೆಂದು ಮೂರು-ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಹಾಕಿಸಿಕೊಳ್ಳುವವರ ಬಾಯಿಯ ಬ್ಯಾಕ್ಟೀರಿಯಾಗಳು ಆ ಔಷಧಕ್ಕೆ ಪಳಗಿರಬಹುದು. ಅಂಥವರಿಗೆ ಹಲ್ಲು ಕೀಳುವ ಮುಂಚೆ ರೂಢಿಯ 2 ಗ್ರಾಂ ಅಮಾಕ್ಸಿಸಿಲಿನ್ ಬದಲು ಅಜಿತ್ರೊಮೈಸಿನ್‌ನಂಥ ಬೇರೆ ವರ್ಗದ ಔಷಧ ಕೊಡಬೇಕೆನ್ನುತ್ತವೆ ಮಾರ್ಗಸೂಚಿಗಳು. ದಂತ ವೈದ್ಯರು ‘ತಿಂಗಳ ಸೂಜಿ ಹಾಕಿಸ್ಕೊಳ್ತೀರೇನು?’ ಎಂದು ಕೇಳದಿದ್ದರೆ ರೋಗಿ ತಾನಾಗಿ ಹೇಳುವುದು ಕಡಿಮೆ. ಹಲ್ಲಿಗೂ ಸೊಂಟದ ಸೂಜಿಗೂ ಏನು ಸಂಬಂಧ ಎಂದುಕೊಳ್ಳುತ್ತಾರೆ. ಸಿಂಧನೂರು ಸೀಮೆಯಲ್ಲಿ ಈ ಪ್ರಶ್ನೆಯನ್ನು ಕನ್ನಡದ ಜೊತೆಗೆ ತೆಲುಗಿನಲ್ಲೂ ಉರ್ದುವಿನಲ್ಲೂ, ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪುಗಳವರಿಗೆ ಬಂಗಾಳಿಯಲ್ಲೂ ಕೇಳಬೇಕಾಗುತ್ತದೆ.

ತಪಾಸಣೆ ಎಂದರೆ ಅಲ್ಲಿ ನಡೆಯುವುದೇನು? ಅರ್ಧ ಗಂಟೆಯ ಕೆಲಸ. ವೈದ್ಯರು ಮೊದಲು ಕುತ್ತಿಗೆ, ಗದ್ದದ ಕೆಳಗೆ ಬೆರಳಾಡಿಸಿ ಗಂಟುಗಳಿವೆಯೇ ನೋಡುತ್ತಾರೆ. ಬಾಯಿಗನ್ನಡಿ ಹಿಡಿದು ಒಂದೊಂದೇ ಹಲ್ಲು ಎಣಿಸುತ್ತ, ಹುಳುಕು, ಮುರುಕು, ಒಳಗುಳಿದ ಬೇರಿನ ತುಂಡು ಗುರುತು ಹಾಕುತ್ತಾರೆ. ಕನ್ನಡಿಯ ಹಿಡಿಕೆಯಿಂದ ಹಲ್ಲಿನ ತಲೆಯ ಮೇಲೆ ತಟ್ಟಿದಾಗ ರೋಗಿ ಬೆಚ್ಚಿದರೆ ಬೇರಿನ ತುದಿಯಲ್ಲಿ ಉರಿಯೂತವಿದೆಯೆಂದು ಸಂಶಯ. ಬಳಿಕ ಮಿಲಿಮೀಟರ್ ಗೆರೆಗಳಿರುವ ಮೊಂಡು ತುದಿಯ ಕಡ್ಡಿಯನ್ನು ವಸಡಿಗೂ ಹಲ್ಲಿಗೂ ನಡುವೆ ಇಳಿಸುತ್ತಾರೆ. ಎರಡು ಮೂರು ಮಿ.ಮೀ. ಇಳಿದು ನಿಂತರೆ ಸರಿ. ನಾಲ್ಕು, ಐದು, ಆರು ಎಂದು ಇಳಿಯುತ್ತ ಹೋಗಿ ಕಡ್ಡಿಯ ಹಿಂದೆಯೇ ರಕ್ತವೋ ಕೀವೋ ಬಂದರೆ ವಸಡಿನ ರೋಗ ಬೇರೂರಿದೆ ಎಂದರ್ಥ. ಹಲ್ಲು ಅಲುಗುತ್ತದೆಯೇ ಎಂಬುದನ್ನು ಬೇರೆಯಾಗಿ ನೋಡುತ್ತಾರೆ, ಏಕೆಂದರೆ ಅರಿವಳಿಕೆ ಕೊಡುವಾಗ ಗಂಟಲಿಗೆ ಕೊಳವೆ ಇಳಿಸುವ ಹೊತ್ತಿನಲ್ಲಿ ಸಡಿಲ ಹಲ್ಲು ಕಳಚಿ ಶ್ವಾಸನಾಳಕ್ಕೆ ಬೀಳಬಹುದು. ಕೊನೆಗೆ ಓ.ಪಿ.ಜಿ. ಎಂಬ ಎಕ್ಸ್‌ರೇ. ಯಂತ್ರ ತಲೆಯ ಸುತ್ತ ಒಂದು ಸುತ್ತು ಬಂದು ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ಬಿಚ್ಚಿಡುತ್ತದೆ; ಫಿನ್ಲೆಂಡಿನ ಉರ್ಯೊ ಪಾಟೆರೊ 20ನೆಯ ಶತಮಾನದ ನಡುವಿನಲ್ಲಿ ಬೆಳೆಸಿದ ವಿಧಾನ ಇದು. ಹೊರಗೆ ಕಾಣದ ಬೇರಿನ ತುದಿಯ ಕಪ್ಪು ಮಚ್ಚೆ, ದವಡೆಯೊಳಗೆ ಹೂತ ಬುದ್ಧಿಹಲ್ಲು, ಮೂಳೆ ಕರಗಿದ ಜಾಗ ಎಲ್ಲ ಇದರಲ್ಲಿ ಸಿಗುತ್ತದೆ.

ರಾಯಚೂರು ಸೀಮೆಯ ಬಾಯಿಗಳನ್ನು ಓದುವುದಕ್ಕೆ ಸ್ಥಳೀಯ ಅನುಭವವೂ ಬೇಕು. ಕಾಲುವೆ ನೀರು ತಲುಪದ ಕಡೆ ಕೊಳವೆಬಾವಿಯ ನೀರು ಕುಡಿದು ಬೆಳೆದವರಲ್ಲಿ ಫ್ಲೋರೈಡ್‌ನ ಗುರುತು ಕಾಣಬಹುದು. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1 ಮಿ.ಗ್ರಾಂ ಮೀರಬಾರದೆಂದೂ ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕ ಹೇಳುತ್ತದೆ. ರಾಯಚೂರು ಜಿಲ್ಲೆಯ ಹಲವು ಊರುಗಳ ನೆಲದೊಳಗಿನ ನೀರು ಅದನ್ನು ಮೀರಿದೆ. ಇದರಿಂದ ಮುಂಬಾಯಿಯ ಹಲ್ಲಿನ ಮೇಲೆ ಸುಣ್ಣದ ಪಟ್ಟೆ, ಕಂದು ಕಲೆ, ಹೆಚ್ಚಾದರೆ ಗುಳಿ. ನೋಡಲು ಕೊಳೆತಂತೆ ಕಂಡರೂ ಇದು ಸೋಂಕಲ್ಲ. ಇದಕ್ಕಾಗಿ ಹಲ್ಲು ಕೀಳುವುದು ಅನ್ಯಾಯ. ಎಲೆ-ಅಡಿಕೆ, ತಂಬಾಕು-ಸುಣ್ಣದ ಕರಿ ಕಿಟ್ಟ ಹಾಗಲ್ಲ. ಅದರ ಅಡಿಯಲ್ಲಿ ವಸಡು ಹಿಂಜರಿದು, ಬೇರು ಬಯಲಾಗಿ, ಮೂಳೆ ಕರಗಿರುತ್ತದೆ. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅಂಗಡಿಯ ಮುಂದೆ ಜೋಡಿಯಾಗಿ ತೂಗಿದವು. ತಂಬಾಕು ಅಗಿಯುವವರ ಬಾಯಿಯಲ್ಲಿ ಬಿಳಿ ಮಚ್ಚೆ, ತೆರೆಯಲಾಗದ ದವಡೆ ಕಂಡರೆ ಅದು ಕ್ಯಾನ್ಸರಿನ ಮುನ್ಸೂಚನೆ ಇರಬಹುದು. ಹೃದಯದ ಚೀಟಿ ಹಿಡಿದು ಬಂದವರಲ್ಲಿ ಬಾಯಿಯ ಕ್ಯಾನ್ಸರು ಬೇಗ ಸಿಕ್ಕರೆ ಅದು ಈ ತಪಾಸಣೆಯ ಲೆಕ್ಕಕ್ಕೆ ಸಿಗದ ಲಾಭ.

ಕಂಡದ್ದನ್ನೆಲ್ಲ ಸರಿಪಡಿಸಲು ಹೊರಡುವುದಲ್ಲ. ಏನು ಈಗಲೇ, ಏನು ಆಮೇಲೆ ಎಂದು ವಿಂಗಡಿಸುವುದರಲ್ಲಿದೆ ಜಾಣ್ಮೆ. ಕೀವು ತುಂಬಿದ ಹಲ್ಲು, ಉಳಿಸಲಾಗದ ಬೇರು, ಗಡಗಡ ಅಲುಗುವ ಹಲ್ಲು ಹೊರಗೆ. ಆಳದ ಹುಳುಕಿಗೆ ಸಿಮೆಂಟು. ಸಮಯವಿದ್ದರೆ ಒಂದೇ ಸಲಕ್ಕೆ ರೂಟ್ ಕೆನಾಲ್. ಕಿಟ್ಟ ತೆಗೆದು ವಸಡು ಶುಚಿ ಮಾಡುವುದು ಎಲ್ಲರಿಗೂ. ತೊಂದರೆ ಕೊಡದ ಬುದ್ಧಿಹಲ್ಲನ್ನು ಮುಟ್ಟಬಾರದು. ಹಲ್ಲು ಕಿತ್ತ ಗುಂಡಿಯ ಮೇಲೆ ಚರ್ಮ ಕೂಡಿಕೊಳ್ಳಲು ವಾರ-ಹತ್ತು ದಿನ ಬೇಕು. ಹಾಗಾಗಿ ಕೃತಕ ಕವಾಟ ಕೂರಿಸುವ ಕನಿಷ್ಠ ಎರಡು ವಾರ ಮುಂಚೆ ಹಲ್ಲಿನ ಸೋಂಕಿನ ನೆಲೆಗಳನ್ನು ಮುಗಿಸಿರಬೇಕೆಂದು ಯುರೋಪಿನ ಹೃದ್ರೋಗ ತಜ್ಞರ ಸಂಘದ ಮಾರ್ಗಸೂಚಿ ಹೇಳುತ್ತದೆ, ತುರ್ತು ಇದ್ದರೆ ಬೇರೆ ಮಾತು ಎಂದೂ ಸೇರಿಸುತ್ತದೆ.

ಆ ಎರಡು ವಾರ ಸಿಗುವುದು ಎಲ್ಲಿ? ಜವಳಗೇರಾದಿಂದ ಬೆಂಗಳೂರಿಗೆ ಹೋಗಿ ದಾಖಲಾದವರಿಗೆ ಅಲ್ಲಿ ಸಿಗುವುದಿಲ್ಲ. ಹಾಸಿಗೆ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ, ಜೊತೆಗೆ ಬಂದವರು ಲಾಡ್ಜಿನಲ್ಲೋ ಆಸ್ಪತ್ರೆಯ ಪಡಸಾಲೆಯಲ್ಲೋ ದಿನ ನೂಕಬೇಕು, ಊರಲ್ಲಿ ನಾಟಿಯೋ ಕೊಯ್ಲೋ ನಿಂತಿರುತ್ತದೆ. ಆಗ ಉಳಿಯುವುದು ಎರಡೇ ದಾರಿ: ಹಲ್ಲಿನ ಕೆಲಸ ಮುಂದೂಡುವುದು, ಇಲ್ಲವೇ ಶಸ್ತ್ರಚಿಕಿತ್ಸೆಯ ಎರಡು ಮೂರು ದಿನ ಮುಂಚೆ ಗಡಿಬಿಡಿಯಲ್ಲಿ ಐದಾರು ಹಲ್ಲು ಕಿತ್ತುಹಾಕುವುದು. ಎರಡನೆಯದು ಸುರಕ್ಷಿತ ಎಂದು ಯಾರೂ ಭಾವಿಸಬೇಕಾಗಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯ ಶಸ್ತ್ರಚಿಕಿತ್ಸೆಗೆ ಮುನ್ನ ಹಲ್ಲು ಕೀಳಿಸಿಕೊಂಡ 205 ಜನರಲ್ಲಿ ಶೇ. 8ರಷ್ಟು ಮಂದಿ ಗಂಭೀರ ತೊಂದರೆಗೆ ಸಿಲುಕಿದರು, ಶೇ. 3ರಷ್ಟು ಮಂದಿ ಹೃದಯದ ಆಪರೇಷನ್ ಆಗುವ ಮೊದಲೇ ತೀರಿಕೊಂಡರು. ಇನ್ನೊಂದು ಕಡೆ, ಮುಂಚಿತ ದಂತ ಚಿಕಿತ್ಸೆಯಿಂದ ಎಂಡೋಕಾರ್ಡೈಟಿಸ್ ಕಡಿಮೆಯಾಗುತ್ತದೆಂದು ನಿಸ್ಸಂಶಯವಾಗಿ ತೋರಿಸುವ ದೊಡ್ಡ ಪರೀಕ್ಷೆ ಇನ್ನೂ ಬಂದಿಲ್ಲ. ಕವಾಟ ಹಾಕಿದ ಮೊದಲ ವರ್ಷ ಬರುವ ಸೋಂಕಿಗೆ ಹೆಚ್ಚಾಗಿ ಕಾರಣ ಚರ್ಮದ, ಮೂಗಿನ ಸ್ಟೆಫೈಲೊಕಾಕಸ್. ಬಾಯಿಯ ಸ್ಟ್ರೆಪ್ಟೊಕಾಕಸ್‌ನ ಪಾಲು ಹೆಚ್ಚುವುದು ಆಮೇಲಿನ ವರ್ಷಗಳಲ್ಲಿ. ಹೀಗಿರುವಾಗ ಆಪರೇಷನ್ ಹೊಸ್ತಿಲಲ್ಲಿ ನಿಂತು ಬಾಯಿ ಖಾಲಿ ಮಾಡುವುದಕ್ಕಿಂತ, ಎಕೋದಲ್ಲಿ ಕವಾಟದ ರೋಗ ಗೊತ್ತಾದ ದಿನವೇ ಸಿಂಧನೂರಿನಲ್ಲೋ ರಾಯಚೂರಿನಲ್ಲೋ ಬಾಯಿ ತೋರಿಸಿ ನಿಧಾನವಾಗಿ ಕೆಲಸ ಮುಗಿಸುವುದು ಲೇಸು. ಕವಾಟದ ರೋಗ ಗೊತ್ತಾಗುವುದಕ್ಕೂ ಆಪರೇಷನ್ನಿಗೂ ನಡುವೆ ಬಹಳ ಸಲ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಇರುತ್ತವೆ. ಆ ಸಮಯ ಇರುವುದು ತಾಲ್ಲೂಕಿನಲ್ಲಿ.

ಹೃದ್ರೋಗಿಯ ಹಲ್ಲು ಮುಟ್ಟಲು ತಾಲ್ಲೂಕಿನ ದಂತ ವೈದ್ಯರು ಹೆದರುತ್ತಾರೆಂಬುದು ನಿಜ. ಹೆದರಿಕೆಗೆ ಕಾರಣವೂ ಇದೆ, ಆದರೆ ಅದನ್ನು ನಿಭಾಯಿಸುವ ಲೆಕ್ಕವೂ ಇದೆ. ಮರಗಟ್ಟಿಸುವ ಲಿಗ್ನೊಕೇನ್‌ನಲ್ಲಿ ಅಡ್ರಿನಲಿನ್ ಇರುತ್ತದೆ. ಹೃದ್ರೋಗಿಗೆ ಒಂದು ಸಲಕ್ಕೆ 40 ಮೈಕ್ರೊಗ್ರಾಂ ಮೀರಬಾರದೆಂಬುದು ರೂಢಿಯ ಮಿತಿ. 80,000ಕ್ಕೆ 1ರ ಪ್ರಮಾಣದ ದ್ರಾವಣದಲ್ಲಿ ಅದು 3 ಮಿ.ಲೀ.ಗೆ ತುಸು ಹೆಚ್ಚು. ಒಂದೆರಡು ಹಲ್ಲಿಗೆ ಧಾರಾಳ ಸಾಕು. ರಕ್ತ ತೆಳುವಾಗಿಸುವ ಅಸಿಟ್ರಾಮ್ ಅಥವಾ ವಾರ್ಫರಿನ್ ನುಂಗುವವರಲ್ಲಿ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆಯಾದ ಐ.ಎನ್.ಆರ್. 3.5ರ ಒಳಗಿದ್ದರೆ ಮಾತ್ರೆ ನಿಲ್ಲಿಸದೆಯೇ ಒಂದೆರಡು ಹಲ್ಲು ಕೀಳಬಹುದು: ಗುಂಡಿಗೆ ಸ್ಪಂಜಿನಂಥ ತುಂಡು ಇಟ್ಟು ಹೊಲಿಗೆ ಹಾಕಿ, ಟ್ರಾನೆಕ್ಸಾಮಿಕ್ ಆಮ್ಲದಲ್ಲಿ ನೆನೆಸಿದ ಗಾಜ್ ಬಟ್ಟೆಯನ್ನು ಅರ್ಧ ಗಂಟೆ ಕಚ್ಚಿ ಹಿಡಿಯಲು ಹೇಳಬೇಕು. ಅಪಾಯ ಹೆಚ್ಚಿರುವುದು ‘ಹಲ್ಲು ತೆಗೆಸಬೇಕು, ನಾಲ್ಕು ದಿನ ಗುಳಿಗಿ ಬಿಡು’ ಎಂಬ ಸ್ವಂತ ವೈದ್ಯದಲ್ಲಿ. ಲೋಹದ ಕವಾಟದವರು ಮಾತ್ರೆ ಬಿಟ್ಟರೆ ಕವಾಟ ಹೆಪ್ಪುಗಟ್ಟಿ ನಿಂತುಹೋಗಬಹುದು. ಹಲ್ಲುನೋವಿಗೆ ಅಂಗಡಿಯಲ್ಲಿ ಕೊಳ್ಳುವ ಔಷಧವೂ ಲೆಕ್ಕ ತಪ್ಪಿಸುತ್ತದೆ. ಮೆಟ್ರೊನಿಡಜೋಲ್ ಐ.ಎನ್.ಆರ್. ಅನ್ನು ಏರಿಸುತ್ತದೆ, ಡೈಕ್ಲೊಫೆನಾಕ್ ಮತ್ತು ಐಬುಪ್ರೊಫೆನ್ ಹೊಟ್ಟೆಯಲ್ಲಿ ರಕ್ತ ಸೋರಿಸಬಹುದು. ಪ್ಯಾರಸಿಟಮಾಲ್ ಮಿತವಾಗಿ ನಡೆಯುತ್ತದೆ. ಇದ್ದಕ್ಕಿದ್ದಂತೆ ಹಸಿರು ಸೊಪ್ಪಿನ ಪಲ್ಲೆ ಹೆಚ್ಚಿಸಿದರೂ, ಪೂರ್ತಿ ಬಿಟ್ಟರೂ ಐ.ಎನ್.ಆರ್. ಹೊಯ್ದಾಡುತ್ತದೆ. ರಕ್ತದೊತ್ತಡಕ್ಕೆ ಅಮ್ಲೊಡಿಪಿನ್ ನುಂಗುವ ಕೆಲವರಲ್ಲಿ ವಸಡು ಬೆಳೆದು ಹಲ್ಲನ್ನು ಮುಚ್ಚುವುದುಂಟು; ಔಷಧ ಬದಲಿಸುವುದು ಹೃದಯದ ವೈದ್ಯರ ಕೆಲಸ.

ಒಮ್ಮೊಮ್ಮೆ ದಾರಿ ತಿರುವುಮುರುವಾಗುತ್ತದೆ. ಎಡಗಡೆಯ ಕೆಳದವಡೆ ನೋಯುತ್ತದೆಂದು ಹಲ್ಲಿನ ಕ್ಲಿನಿಕ್ಕಿಗೆ ಬಂದವರಿಗೆ ನೋವು ಹಲ್ಲಿನದಾಗಿರದೆ ಹೃದಯದ್ದಾಗಿರಬಹುದು. ಮೆಟ್ಟಿಲು ಹತ್ತುವಾಗ, ಹೊಲದಲ್ಲಿ ದುಡಿಯುವಾಗ ಬಂದು, ಕೂತರೆ ಹೋಗುವ ದವಡೆನೋವಿಗೆ ಇ.ಸಿ.ಜಿ. ಬೇಕು, ಇಕ್ಕಳ ಅಲ್ಲ.

ಮಕ್ಕಳ ವಿಷಯ ಇನ್ನೂ ನಾಜೂಕು. ಫಾಲೋನ ಚತುಷ್ಟಯದಂಥ ಜನ್ಮಜಾತ ರೋಗವಿರುವ, ತುಟಿ-ಉಗುರು ನೀಲಿಗಟ್ಟುವ ಮಗುವಿನ ರಕ್ತ ಗಟ್ಟಿಯಾಗಿರುತ್ತದೆ, ಆದರೂ ಗಾಯವಾದರೆ ಬೇಗ ನಿಲ್ಲುವುದಿಲ್ಲ. ಮಗು ಅತ್ತರೆ ನೀಲಿಯಾಗುತ್ತದೆಂದು ಮನೆಯವರು ಬಾಯಿ ತೊಳೆಯಲು ಹಿಂಜರಿಯುತ್ತಾರೆ, ತೂಕ ಏರಲೆಂದು ರಾತ್ರಿಯಿಡೀ ಸಕ್ಕರೆ ಹಾಲಿನ ಬಾಟಲಿ ಕೊಡುತ್ತಾರೆ, ಔಷಧವೂ ಸಿಹಿ ಸಿರಪ್ಪು. ಮೂರು ವರ್ಷಕ್ಕೆ ಮುಂಬಾಯಿಯ ನಾಲ್ಕೂ ಹಲ್ಲು ಕಂದಿ ಕರಗಿರುತ್ತವೆ. ‘ಹಾಲುಹಲ್ಲು, ಹೆಂಗೂ ಬೀಳ್ತಾವ’ ಎಂಬುದು ಎಲ್ಲ ಊರಿನ ಮಾತು. ಹಾಲುಹಲ್ಲಿನ ಬೇರಿನ ಕೀವೂ ಕೀವೇ. ಕೇಂದ್ರ ಸರ್ಕಾರ 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತವೆ. ಅವರ ಪಟ್ಟಿಯಲ್ಲಿ ಜನ್ಮಜಾತ ಹೃದ್ರೋಗ, ರುಮ್ಯಾಟಿಕ್ ಹೃದ್ರೋಗ, ಹಲ್ಲಿನ ತೊಂದರೆ ಮೂರೂ ಇವೆ. ಒಂದೇ ಕಾರ್ಡಿನಲ್ಲಿ ಎರಡು ಗುರುತು ಬಿದ್ದ ಮಗುವನ್ನು ಎರಡು ಬೇರೆ ಬೇರೆ ದಿಕ್ಕಿಗೆ ಕಳಿಸದೆ, ಹಲ್ಲು ಮೊದಲು ಮುಗಿಸಿ ಹೃದಯಕ್ಕೆ ಕಳಿಸಿದರೆ ಈ ಲೇಖನ ಹೇಳುವ ಅರ್ಧ ತೊಡಕು ಅಲ್ಲೇ ಬಗೆಹರಿಯುತ್ತದೆ.

ಬೈಪಾಸ್ ರೋಗಿಗೆ ಕೃತಕ ಕವಾಟದ ಭಯವಿಲ್ಲ. ಅವರಿಗೆ ಹಲ್ಲಿನ ಚೀಟಿ ಕಡ್ಡಾಯ ಮಾಡುವುದಕ್ಕೆ ಆಧಾರ ದುರ್ಬಲ. ಬಾಯಿಯ ಶುಚಿ ಮಾತ್ರ ಅವರಿಗೂ ಬೇಕು, ಬೇರೆ ಕಾರಣಕ್ಕೆ. ವೆಂಟಿಲೇಟರಿನಲ್ಲಿದ್ದಾಗ ಬಾಯಿಯ ಬ್ಯಾಕ್ಟೀರಿಯಾಗಳು ಕೊಳವೆಯ ಪಕ್ಕದಿಂದ ಶ್ವಾಸಕೋಶಕ್ಕೆ ಇಳಿಯುತ್ತವೆ. ಡಿರೀಸೊ ಮತ್ತು ಸಂಗಡಿಗರು 1996ರಲ್ಲಿ 353 ಹೃದಯ ಶಸ್ತ್ರಚಿಕಿತ್ಸಾ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಶೇ. 0.12ರ ಕ್ಲೋರ್‌ಹೆಕ್ಸಿಡಿನ್‌ನಿಂದ ಬಾಯಿ ತೊಳೆಸಿ ನೋಡಿದಾಗ ಶ್ವಾಸಕೋಶದ ಸೋಂಕು ಶೇ. 69ರಷ್ಟು ಇಳಿದಿತ್ತು. ಔಷಧದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ದ್ರವ ಅದು.

ಹಣದ ಮಾತು ಬಂದಾಗ ಕರ್ನಾಟಕದ ಚರಿತ್ರೆ ಕಡಿಮೆಯದೇನಲ್ಲ. 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ರೈತರಿಗೆ ವರ್ಷಕ್ಕೆ 60 ರೂಪಾಯಿ ಕಂತಿನಲ್ಲಿ ಹೃದಯದ ಆಪರೇಷನ್ ಒದಗಿಸಿತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ಕಾಲಿಟ್ಟದ್ದು ರಾಯಚೂರು ಸೇರಿದ ಕಲಬುರಗಿ ವಿಭಾಗಕ್ಕೇ. ಊರೂರಲ್ಲಿ ಶಿಬಿರ ನಡೆಸಿ ರೋಗಿಗಳನ್ನು ಹುಡುಕಿ ದೊಡ್ಡ ಆಸ್ಪತ್ರೆಗಳಿಗೆ ಕಳಿಸಿದರು. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ. ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ 371 ಹಾಸಿಗೆಗಳ ಹೊಸ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ ಮೇಲೆ ದಾರಿ ಇನ್ನಷ್ಟು ಹತ್ತಿರವಾಯಿತು. ಈ ಯೋಜನೆಗಳೆಲ್ಲ ಒಳರೋಗಿಯ ದೊಡ್ಡ ಚಿಕಿತ್ಸೆಯನ್ನು ಮನಸ್ಸಿನಲ್ಲಿಟ್ಟು ಕಟ್ಟಿದವು. ಕುರ್ಚಿಯಲ್ಲಿ ಕೂತು ಮಾಡಿಸಿಕೊಳ್ಳುವ ಸಿಮೆಂಟು, ಕ್ಲೀನಿಂಗುಗಳು ಹೊರರೋಗಿಯ ಕೆಲಸ. ಲಕ್ಷಗಟ್ಟಲೆಯ ಆಪರೇಷನ್ ಪುಕ್ಕಟೆ ಆಗುತ್ತದೆ. ಅದಕ್ಕೆ ಮುಂಚಿನ ಸಾವಿರ ರೂಪಾಯಿಯ ಹಲ್ಲಿನ ಕೆಲಸಕ್ಕೆ ಜೇಬು ತಡಕಬೇಕು. ಇದು ನಮ್ಮೊಬ್ಬರದೇ ಎಡವಟ್ಟೂ ಅಲ್ಲ. ಹಲ್ಲಿನ ಖರ್ಚನ್ನು ಹುಟ್ಟಿದಾಗಿನಿಂದ ದೂರವಿಟ್ಟಿದ್ದ ಅಮೆರಿಕದ ಮೆಡಿಕೇರ್ ವಿಮೆ, ಕವಾಟದ ಶಸ್ತ್ರಚಿಕಿತ್ಸೆಗೆ ಮುಂಚಿನ ದಂತ ಪರೀಕ್ಷೆ ಮತ್ತು ಅಗತ್ಯ ಚಿಕಿತ್ಸೆಗೆ ಹಣ ಕೊಡುವೆನೆಂದು ಸ್ಪಷ್ಟವಾಗಿ ನಿಯಮ ಬರೆದದ್ದು 2023ನೇ ಸಾಲಿಗೆ. ಇಲ್ಲಿನ ಹೃದ್ರೋಗ ಶಿಬಿರಗಳಲ್ಲಿ ಎಕೋ ಯಂತ್ರದ ಪಕ್ಕ ಒಬ್ಬ ದಂತ ವೈದ್ಯರನ್ನು ಕೂರಿಸುವುದಕ್ಕೆ ಹೊಸ ಯೋಜನೆಯೇನೂ ಬೇಕಾಗಿಲ್ಲ.

ತಪಾಸಣೆ ಮುಗಿದ ಮೇಲೆ ಬರೆಯುವ ಚೀಟಿಯಲ್ಲಿ ‘ಫಿಟ್’ ಎಂಬ ಒಂದೇ ಪದ ಇದ್ದರೆ ಸರ್ಜನ್‌ಗೆ ಏನೂ ತಿಳಿಯುವುದಿಲ್ಲ. ಯಾವ ಹಲ್ಲು ತೆಗೆದದ್ದು, ಯಾವ ದಿನ, ಏನು ಉಳಿದಿದೆ, ಉಳಿದದ್ದನ್ನು ಯಾವಾಗ ಮಾಡಬೇಕು ಎಂಬುದಿರಬೇಕು, ಓ.ಪಿ.ಜಿ. ಚಿತ್ರ ಜೊತೆಗಿರಬೇಕು. ಆಪರೇಷನ್ ಆಗಿ ಊರಿಗೆ ಮರಳಿದವರು ಯಾವ ಕವಾಟ, ಯಾವ ಮಾತ್ರೆ, ಐ.ಎನ್.ಆರ್. ಎಷ್ಟಿರಬೇಕು ಎಂಬ ಕಾರ್ಡನ್ನು ಹಲ್ಲಿನ ಕ್ಲಿನಿಕ್ಕಿಗೆ ಹೋಗುವಾಗಲೂ ಒಯ್ಯಬೇಕು. ಕೃತಕ ಕವಾಟದವರಿಗೆ ಆರು ತಿಂಗಳಿಗೊಮ್ಮೆ ದಂತ ತಪಾಸಣೆ. ವಸಡು ಚುಚ್ಚುವ, ಹಲ್ಲು ಕೀಳುವ ಕೆಲಸವಿದ್ದರೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ಆಂಟಿಬಯಾಟಿಕ್. ಕಾರಣ ತಿಳಿಯದ ಜ್ವರ ನಾಲ್ಕು ದಿನ ಬಿಡದಿದ್ದರೆ, ಊರಿನ ದವಾಖಾನೆಯಲ್ಲಿ ಆಂಟಿಬಯಾಟಿಕ್ ನುಂಗುವ ಮೊದಲು ರಕ್ತದ ಕಲ್ಚರ್. ಮೊದಲೇ ನುಂಗಿದರೆ ರೋಗಾಣು ಪರೀಕ್ಷೆಯಲ್ಲಿ ಅಡಗಿಕೊಂಡು ಎಂಡೋಕಾರ್ಡೈಟಿಸ್ ವಾರಗಟ್ಟಲೆ ಗೊತ್ತಾಗದೆ ಉಳಿಯುತ್ತದೆ.

ಬಾಯಲ್ಲಿ ಒಂದೂ ಹಲ್ಲಿಲ್ಲದ ಹಿರಿಯರನ್ನು ಈ ತಪಾಸಣೆಯಿಂದ ಬಿಟ್ಟುಬಿಡುವುದು ವಾಡಿಕೆ. ಅವರ ವಸಡಿನೊಳಗೂ ಮುರಿದ ಬೇರು ಹುದುಗಿರಬಹುದು, ಸರಿಯಾಗಿ ಕೂರದ ಕಟ್ಟಿಸಿದ ಹಲ್ಲಿನ ಸೆಟ್ಟು ತಿಕ್ಕಿ ತಿಕ್ಕಿ ಹುಣ್ಣಾಗಿರಬಹುದು. ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ರಾಜ್ಯ ಸರ್ಕಾರದ ದಂತ ಭಾಗ್ಯ ಯೋಜನೆಯಲ್ಲಿ ಸೆಟ್ಟು ಉಚಿತ. ಸೆಟ್ಟು ಇರುವವರು ಅದನ್ನು ರಾತ್ರಿ ತೆಗೆದು ತೊಳೆದು ನೀರಿನಲ್ಲಿಡಬೇಕು. ಆಪರೇಷನ್ ಥಿಯೇಟರಿಗೆ ಒಯ್ಯುವ ಮುಂಚೆ ದಾದಿಯರು ಅದನ್ನು ತೆಗೆಸಿ, ಹೆಸರು ಬರೆದ ಡಬ್ಬಿಗೆ ಹಾಕಿ ಮನೆಯವರ ಕೈಗೆ ಕೊಡುತ್ತಾರೆ.